ಲೆಫ್ಟ್ ಜಾಯಿನ್ ಹಾಕಿದರೂ ಪುಸ್ತಕ ಒಯ್ಯದ ಸದಸ್ಯರು ಪಟ್ಟಿಯಲ್ಲಿ ಬರುತ್ತಿಲ್ಲ

ಕಲಿಕೆ_ಶುರು:
ಎಸ್‌ಕ್ಯೂಎಲ್‌ಗೆ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಹೊಸಬ, ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಗ್ರಂಥಾಲಯದ ಮಾದರಿಯಲ್ಲಿ ಎರಡು ಟೇಬಲ್ ಇವೆ: ಸದಸ್ಯರು (ಐಡಿ, ಹೆಸರು), ಒಟ್ಟು 40 ಸಾಲು, ಎರವಲು (ಐಡಿ, ಸದಸ್ಯ_ಐಡಿ, ಪುಸ್ತಕ, ಕೊಟ್ಟ_ದಿನ). ಜೂನ್‌ನಲ್ಲಿ ಯಾರು ಎಷ್ಟು ಪುಸ್ತಕ ಒಯ್ದರು ಅಂತ 40 ಜನರೂ ಇರುವ ಪಟ್ಟಿ ಬೇಕು, ಒಯ್ಯದವರ ಮುಂದೆ 0 ಇರಬೇಕು. ಕೀವರ್ಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಹಾಕಿದ್ದೇನೆ, ಓಡಿಸಿದ್ದು ಇಂಗ್ಲಿಷಿನಲ್ಲೇ. ಸ, ಎ ಎಂಬುವು ಆ ಎರಡು ಟೇಬಲ್‌ಗಳ ಚಿಕ್ಕ ಹೆಸರು.

ಸೆಲೆಕ್ಟ್ ಸ.ಹೆಸರು, ಕೌಂಟ್(*)
ಫ್ರಮ್ ಸದಸ್ಯರು ಸ
ಲೆಫ್ಟ್ ಜಾಯಿನ್ ಎರವಲು ಎ ಆನ್ ಎ.ಸದಸ್ಯ_ಐಡಿ = ಸ.ಐಡಿ
ವೇರ್ ಎ.ಕೊಟ್ಟ_ದಿನ ಬಿಟ್ವೀನ್ '2024-06-01' ಆಂಡ್ '2024-06-30'
ಗ್ರೂಪ್ ಬೈ ಸ.ಹೆಸರು;

ಬರುವುದು 26 ಸಾಲು. ಲೆಫ್ಟ್ ಜಾಯಿನ್ ಅಂದರೆ ಎಡಗಡೆಯವರೆಲ್ಲ ಉಳಿಯಬೇಕಲ್ಲವೇ?

ಸಾಲುಕಂಬ:
ಉಳಿದಿದ್ದರು, ವೇರ್ ತೆಗೆದುಹಾಕಿತು. ವೇರ್, ಗ್ರೂಪ್ ಬೈ ಎರಡನ್ನೂ ಅಳಿಸಿ ಬರೀ ಸೆಲೆಕ್ಟ್ * ಓಡಿಸಿ ನೋಡಿ. ಪುಸ್ತಕವನ್ನೇ ಒಯ್ಯದವರ ಸಾಲು ಹೀಗೆ ಕಾಣುತ್ತದೆ (ನಲ್ ಅಂದರೆ ಅಲ್ಲಿ ಬೆಲೆಯೇ ಇಲ್ಲ):

7 | ಗಿರಿಜಾ | ನಲ್ | ನಲ್ | ನಲ್ | ನಲ್

ಇದಾದ ಮೇಲೆ ವೇರ್‌ನ ಸರದಿ. ನಲ್ ಅನ್ನು ಯಾವ ದಿನಾಂಕಕ್ಕೆ ಹೋಲಿಸಿದರೂ ಉತ್ತರ ಸರಿಯೂ ಅಲ್ಲ, ತಪ್ಪೂ ಅಲ್ಲ, ಮತ್ತೆ ನಲ್ಲೇ. ಸರಿ ಎಂದಾದ ಸಾಲನ್ನು ಮಾತ್ರ ವೇರ್ ಒಳಗೆ ಬಿಡುತ್ತದೆ, ಹಾಗಾಗಿ ಗಿರಿಜಾ ಹೊರಗೆ. ನೀವು ಬರೆದದ್ದು ಲೆಫ್ಟ್ ಜಾಯಿನ್ ಆದರೂ ಸಿಕ್ಕಿದ್ದು ಇನ್ನರ್ ಜಾಯಿನ್‌ನ (ಎರಡೂ ಟೇಬಲ್‌ನಲ್ಲಿ ಹೊಂದುವ ಸಾಲು ಮಾತ್ರ ಉಳಿಸುವ ಜಾಯಿನ್) ಫಲ. ದಿನಾಂಕದ ಷರತ್ತನ್ನು ವೇರ್‌ನಿಂದ ಎತ್ತಿ ಆನ್ ಜೊತೆಗೆ ಆಂಡ್ ಹಾಕಿ ಸೇರಿಸಿ. ಬಲಗಡೆ ಟೇಬಲ್‌ನ ಷರತ್ತು ಆನ್‌ನಲ್ಲಿ, ಎಡಗಡೆಯದ್ದು ವೇರ್‌ನಲ್ಲಿ: ಲೆಫ್ಟ್ ಜಾಯಿನ್‌ಗೆ ಶುರುವಿನಲ್ಲಿ ಇಷ್ಟು ನೆನಪಿದ್ದರೆ ಸಾಕು.

ಡಿಬಿ_ದಾಸ:
ವೇರ್ ಹಾಗೇ ಇಟ್ಟು, ಅದರ ಕೊನೆಗೆ "ಆರ್ ಎ.ಕೊಟ್ಟ_ದಿನ ಈಸ್ ನಲ್" ಅಂತ ಸೇರಿಸಿದರೂ ನಡೆಯುತ್ತದೆ.

ಸಾಲುಕಂಬ:
ನಡೆಯಲ್ಲ ದಾಸರೇ. ಮೇ ತಿಂಗಳಲ್ಲಿ ಮಾತ್ರ ಪುಸ್ತಕ ಒಯ್ದವರನ್ನು ತಗೊಳ್ಳಿ. ಅವರಿಗೆ ಜಾಯಿನ್‌ನಲ್ಲಿ ಮೇ ತಿಂಗಳ ಸಾಲು ಸಿಕ್ಕಿರುತ್ತದೆ, ಅಂದರೆ ಕೊಟ್ಟ_ದಿನ ನಲ್ ಅಲ್ಲ. ಜೂನ್ ಕೂಡ ಅಲ್ಲ. ಎರಡೂ ಷರತ್ತಿಗೆ ಸಿಗದೆ ಅವರು ಪಟ್ಟಿಯಿಂದಲೇ ಮಾಯ. ಕಡಿಮೆ ಡೇಟಾದಲ್ಲಿ ಇದು ಸರಿ ಇದ್ದಂತೆ ಕಾಣುವುದರಿಂದಲೇ ಅಪಾಯ ಜಾಸ್ತಿ.

ಕಲಿಕೆ_ಶುರು:
ಥ್ಯಾಂಕ್ಸ್ ಸರ್. ಆನ್‌ಗೆ ಹಾಕಿದೆ. ಈಗ 39 ಸಾಲು! ಜೊತೆಗೆ ಏನೂ ಒಯ್ಯದವರ ಮುಂದೆ 0 ಬದಲು 1 ಬರುತ್ತಿದೆ.

ಕೋಷ್ಟಕ_ಪ್ರಿಯೆ:
ಎರಡೂ ಬೇರೆ ಬೇರೆ ತಪ್ಪು.

1 ಬರುವುದಕ್ಕೆ ಕಾರಣ ಕೌಂಟ್(*). ಅದು ಎಣಿಸುವುದು ಸಾಲುಗಳನ್ನು, ಮತ್ತು ಮೇಲಿನ ಗಿರಿಜಾ ಸಾಲು ನಲ್‌ಗಳಿಂದ ತುಂಬಿದ್ದರೂ ಒಂದು ಸಾಲೇ. ಕೌಂಟ್(ಎ.ಐಡಿ) ಅಂತ ಬರೆದರೆ ನಲ್ ಬಿಟ್ಟು ಎಣಿಸುತ್ತದೆ, 0 ಸಿಗುತ್ತದೆ. ಅಲ್ಲಿ ಎ.ಐಡಿಯೇ ಇರಲಿ, ಸ.ಐಡಿ ಹಾಕಿದರೆ ಮತ್ತೆ 1.

39 ಆಗಿದ್ದು ಯಾಕೆಂದರೆ ನಿಮ್ಮ ಟೇಬಲ್‌ನಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ. ಹೆಸರಿನ ಮೇಲೆ ಗುಂಪು ಮಾಡಿದರೆ ಮಂಜುನಾಥ, ಮಂಜುನಾಥ ಒಂದೇ ಸಾಲಾಗಿ ಇಬ್ಬರ ಪುಸ್ತಕಗಳೂ ಕೂಡಿಬಿಡುತ್ತವೆ. ಗ್ರೂಪ್ ಬೈ ಸ.ಐಡಿ, ಸ.ಹೆಸರು ಎಂದು ಬರೆಯಿರಿ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಎಚ್ಚರ: ಗ್ರೂಪ್ ಬೈನಲ್ಲಿ ಇಲ್ಲದ ಕಾಲಂ ಅನ್ನು ಸೆಲೆಕ್ಟ್‌ನಲ್ಲಿ ಹಾಕಿದರೆ ಅದು ತಕರಾರು ಮಾಡದೆ ಗುಂಪಿನ ಯಾವುದೋ ಒಂದು ಸಾಲಿನ ಬೆಲೆ ಕೊಟ್ಟುಬಿಡುತ್ತದೆ. ಉದಾಹರಣೆಗೆ ಎ.ಪುಸ್ತಕ ಸೇರಿಸಿ ನೋಡಿ. ಬೇರೆ ಡೇಟಾಬೇಸ್‌ಗಳಲ್ಲಿ ಹಾಗಲ್ಲ: ಮೈಎಸ್‌ಕ್ಯೂಎಲ್ 5.7ರಿಂದೀಚೆಗೆ ಅದೇ ಕ್ವೆರಿಗೆ ಎರರ್ ಕೊಡುತ್ತದೆ, ಪೋಸ್ಟ್‌ಗ್ರೆಸ್ ಕೂಡ. ಕಲಿಯುವವರಿಗೆ ಎರರ್ ಬರುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಸಾಲುಕಂಬ:
ಬಿಟ್ವೀನ್ ಬಗ್ಗೆಯೂ ಹೇಳಿಬಿಡುತ್ತೇನೆ. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ, ನಿಮ್ಮದು ಬರೀ ಅಕ್ಷರಗಳ ಹೋಲಿಕೆ. ಕೊಟ್ಟ_ದಿನದಲ್ಲಿ ಗಂಟೆಯೂ ಸೇರಿದ್ದರೆ '2024-06-30 17:20' ಎಂಬುದು '2024-06-30'ಕ್ಕಿಂತ ದೊಡ್ಡದಾಗಿ, ತಿಂಗಳ ಕೊನೆಯ ದಿನದ ಲೆಕ್ಕ ಬಿಟ್ಟುಹೋಗುತ್ತದೆ. ಹೀಗೆ ಬರೆದರೆ ಗಂಟೆ ಇದ್ದರೂ ಇಲ್ಲದಿದ್ದರೂ ಸರಿ:

ಎ.ಕೊಟ್ಟ_ದಿನ >= '2024-06-01' ಆಂಡ್ ಎ.ಕೊಟ್ಟ_ದಿನ < '2024-07-01'

ನಮ್ಮ ರೂಢಿಯಂತೆ '30-06-2024' ಎಂದು ತುಂಬಿದ್ದರೆ ಜೂನ್‌ನ ಒಂದು ಸಾಲೂ ಸಿಗುವುದಿಲ್ಲ. ವರ್ಷ ಮೊದಲು, ಆಮೇಲೆ ತಿಂಗಳು, ದಿನ.

ಕಲಿಕೆ_ಶುರು:
40 ಸರಿಯಾಗಿ ಬಂತು. ಕೊನೆಯದೊಂದು: ಇದುವರೆಗೆ ಒಂದೂ ಪುಸ್ತಕ ಒಯ್ಯದವರನ್ನಷ್ಟೇ ಹುಡುಕಲು "ವೇರ್ ಐಡಿ ನಾಟ್ ಇನ್ (ಸೆಲೆಕ್ಟ್ ಸದಸ್ಯ_ಐಡಿ ಫ್ರಮ್ ಎರವಲು)" ಬರೆದೆ. ಎರರ್ ಇಲ್ಲ, ಸಾಲೂ ಇಲ್ಲ.

ಕೋಷ್ಟಕ_ಪ್ರಿಯೆ:
ಎರವಲು ಟೇಬಲ್‌ನಲ್ಲಿ ಎಲ್ಲೋ ಒಂದು ಸದಸ್ಯ_ಐಡಿ ನಲ್ ಇದೆ. ನಾಟ್ ಇನ್ ಅಂದರೆ ಒಳಗಿನ ಪ್ರತಿ ಬೆಲೆಗೂ "ಇದಕ್ಕೆ ಸಮ ಅಲ್ಲ" ಎಂದು ಕೇಳುವುದು. ನಲ್ ಬಳಿ ಆ ಪ್ರಶ್ನೆಗೆ ಉತ್ತರ ನಲ್, ಅಲ್ಲಿಗೆ ಯಾವ ಸದಸ್ಯರೂ ಪಾಸಾಗುವುದಿಲ್ಲ. ಹೊಂದುವ ಸಾಲು ಇದೆಯೋ ಇಲ್ಲವೋ ಎಂದಷ್ಟೇ ನೋಡುವ ನಾಟ್ ಎಗ್ಸಿಸ್ಟ್ಸ್‌ಗೆ ಈ ತೊಂದರೆ ಇಲ್ಲ:

ಸೆಲೆಕ್ಟ್ ಸ.ಹೆಸರು ಫ್ರಮ್ ಸದಸ್ಯರು ಸ
ವೇರ್ ನಾಟ್ ಎಗ್ಸಿಸ್ಟ್ಸ್ (ಸೆಲೆಕ್ಟ್ 1 ಫ್ರಮ್ ಎರವಲು ಎ ವೇರ್ ಎ.ಸದಸ್ಯ_ಐಡಿ = ಸ.ಐಡಿ);

ಇದನ್ನು ಓಡಿಸಿದ ಮೇಲೆ ಆ ನಲ್ ಸಾಲನ್ನೂ ಹುಡುಕಿ. ಯಾರ ಹೆಸರಿಗೂ ಇಲ್ಲದೆ ಪುಸ್ತಕವೊಂದು ಹೊರಗೆ ಹೋಗಿದೆ. ಆ ಕಾಲಂಗೆ ನಾಟ್ ನಲ್ ಹಾಕಬೇಕಿತ್ತು, ಆದರೆ ಎಸ್‌ಕ್ಯೂಲೈಟ್‌ನಲ್ಲಿ ಅದಕ್ಕೆ ಟೇಬಲ್ ಅನ್ನು ಹೊಸದಾಗಿ ಮಾಡಿ ಡೇಟಾ ತುಂಬುವುದೇ ಸುಲಭ.