ಬಾರಿನ ಹೆಚ್ಚುವರಿ ದರ ನಿಜವಾಗಿಯೂ ತೆರಿಗೆಯೇ?

ಪ್ರಶ್ನೆ: ಮಡಿಕೇರಿಯ ಹೋಟೆಲಿಗ

ಮಡಿಕೇರಿಯಲ್ಲಿ ನಾನು ಚಿಕ್ಕದೊಂದು ಊಟದ ಹೋಟೆಲ್ ನಡೆಸುತ್ತಿದ್ದೇನೆ. ಮದ್ಯದ ಸನ್ನದು ಇಲ್ಲ. ವಾರಾಂತ್ಯದಲ್ಲಿ ಬರುವ ಪ್ರವಾಸಿಗರಲ್ಲಿ ಹಲವರು ಎಂಆರ್‌ಪಿ ಅಂಗಡಿಯಿಂದ ತಂದ ಬಾಟಲಿಯನ್ನು ಮೇಜಿನ ಮೇಲಿಟ್ಟು, ಪಂದಿಕರಿ ಮತ್ತು ಕಡಂಬಿಟ್ಟಿನ ಜೊತೆಗೆ ಕುಡಿಯಲು ಅನುಮತಿ ಕೇಳುತ್ತಾರೆ. ಆಗದು ಎಂದರೆ, ಬಾರಿನಲ್ಲಿ ತೆರಿಗೆಯ ಹೆಸರಿನಲ್ಲಿ ಸುಲಿಯುತ್ತಾರೆ ಎಂದು ಗೊಣಗುತ್ತ ಎದ್ದುಹೋಗುತ್ತಾರೆ. ಕುಡಿಯಲು ಬಿಟ್ಟರೆ ಹೊಣೆ ಯಾರದು? ಬಾರಿನ ದರ ಅಂಗಡಿಯ ದರಕ್ಕಿಂತ ಹೆಚ್ಚಿರುವುದಕ್ಕೆ ತೆರಿಗೆಯೇ ಕಾರಣವೇ?

ಉತ್ತರ 1: ಕುಶಾಲನಗರದ ಲೆಕ್ಕಿಗ

ಮೊದಲನೆಯದಕ್ಕೆ ಉತ್ತರ ಸರಳ: ಬಿಡಬೇಡಿ. ಸನ್ನದಿಲ್ಲದ ಜಾಗದಲ್ಲಿ ಕುಡಿಯಲು ಅವಕಾಶ ಕೊಟ್ಟವರ ಮೇಲೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಬಾಟಲಿ ಗ್ರಾಹಕರದು ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಎರಡನೆಯದರಲ್ಲಿ ನಿಮ್ಮ ಗ್ರಾಹಕರ ಎಣಿಕೆ ತಪ್ಪಿದೆ. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದ್ದು, ಅಬಕಾರಿ ಸುಂಕವೂ ಹೆಚ್ಚುವರಿ ಅಬಕಾರಿ ಸುಂಕವೂ ಬಾಟಲಿ ನಿಗಮದ ಡಿಪೋ ದಾಟುವ ಮೊದಲೇ ಅದರ ಬೆಲೆಯೊಳಗೆ ಸೇರಿಹೋಗಿರುತ್ತವೆ. 2023ರ ಜುಲೈ ಬಜೆಟ್ಟಿನಲ್ಲಿ ಬಿಯರಿನ ಹೆಚ್ಚುವರಿ ಸುಂಕ ಶೇ 175ರಿಂದ 185ಕ್ಕೆ ಏರಿದಾಗ ಅಂಗಡಿಯ ಎಂಆರ್‌ಪಿಯೇ ಏರಿದ್ದು ಈ ಕಾರಣಕ್ಕೆ. ಕುಡಿಯುವ ಮದ್ಯವನ್ನು ಸಂವಿಧಾನವೇ ಜಿಎಸ್‌ಟಿಯ ಹೊರಗಿಟ್ಟಿದೆ. ಅದರ ಮೇಲಿದ್ದ ವ್ಯಾಟ್ ಅನ್ನು ರಾಜ್ಯ 2017ರಲ್ಲಿ ಕೈಬಿಟ್ಟಿತು. ಆದ್ದರಿಂದ ಒಂದೇ ಬಾಟಲಿ ಅಂಗಡಿಗೆ ಹೋದರೂ ಬಾರಿಗೆ ಹೋದರೂ ಅದರೊಳಗಿನ ಸುಂಕ ಒಂದೇ.

ವ್ಯತ್ಯಾಸ ಬರುವುದು ಸನ್ನದಿನಿಂದ. ಬಾಟಲಿ ಮಾರುವ ಸಿಎಲ್-2 ಸನ್ನದಿನ ಅಂಗಡಿ ಎಂಆರ್‌ಪಿ ದಾಟುವಂತಿಲ್ಲ, ಸಿಎಲ್-9 ಸನ್ನದಿನ ಬಾರಿಗೆ ಆ ಕಟ್ಟಿಲ್ಲ. ಈ ಎರಡೂ ಬಗೆಯ ಹೊಸ ಸನ್ನದುಗಳನ್ನು 1992ರಿಂದ ದಶಕಗಳ ಕಾಲ ಕೊಡುವುದು ನಿಂತಿದ್ದರಿಂದ ಹಳೆಯ ಸನ್ನದು ಕೈ ಬದಲಾಗುವಾಗ ದೊಡ್ಡ ಮೊತ್ತವೇ ಬೇಕಾಗುತ್ತದೆ, ಆ ಹಣ ಕೊನೆಗೆ ಪೆಗ್ಗಿನ ದರದಲ್ಲೇ ಮರಳಬೇಕು. ಅಬಕಾರಿ ವರ್ಷ ಆರಂಭವಾಗುವುದು ಜುಲೈ 1ಕ್ಕೆ. ಕೊಡವರ ಕಕ್ಕಡ ತಿಂಗಳ ಮಳೆಗೆ ಘಟ್ಟದ ರಸ್ತೆಗಳು ಖಾಲಿಯಾಗುವ ಹೊತ್ತಿಗೇ ಇಡೀ ವರ್ಷದ ಶುಲ್ಕ ಕಟ್ಟಿ ಕೂರಬೇಕಾದ ನಮ್ಮ ಜಿಲ್ಲೆಯ ಬಾರುಗಳ ಸ್ಥಿತಿಯನ್ನು ಬೆಂಗಳೂರಿನವರಿಗೆ ವಿವರಿಸುವುದು ಕಷ್ಟ. ಇದರ ಮೇಲೆ ಬಾಡಿಗೆ, ಸಂಬಳ. ಬಾಡಿಗೆಗೆ ಜಿಎಸ್‌ಟಿ ಕಟ್ಟಿದ್ದರೂ ಮದ್ಯದ ಮಾರಾಟದ ಪಾಲಿಗೆ ಅದರ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯ ಹೊಂದಾಣಿಕೆ) ದೊರೆಯುವುದಿಲ್ಲ.

ಉತ್ತರ 2: ವಿರಾಜಪೇಟೆಯ ಗ್ರಾಹಕ

ಲೆಕ್ಕಿಗರ ಮಾತು ಸರಿ, ಆದರೆ ಗ್ರಾಹಕರ ದೂರೆಲ್ಲ ಸುಳ್ಳಲ್ಲ. ಒಂದು ಬಾರಿನಲ್ಲಿ ನನಗೆ ಊಟ ಮತ್ತು ಬಿಯರ್ ಎರಡನ್ನೂ ಕೂಡಿಸಿ ಒಟ್ಟು ಮೊತ್ತಕ್ಕೆ ಶೇ 5ರ ಜಿಎಸ್‌ಟಿ ಹಾಕಿದ್ದರು. ಅದು ಊಟಕ್ಕೆ ಮಾತ್ರ ಅನ್ವಯ ಎಂದು ತೋರಿಸಿದ ಮೇಲೆ, ಕಂಪ್ಯೂಟರ್ ಹಾಗೆ ತೆಗೆಯುತ್ತದೆ ಎನ್ನುತ್ತಲೇ ಬಿಲ್ ತಿದ್ದಿದರು. ಸೇವಾ ಶುಲ್ಕವೂ ಅಷ್ಟೇ: ಅದು ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ, ಕಡ್ಡಾಯವೂ ಅಲ್ಲ. ತೆರಿಗೆಯ ಸಾಲುಗಳ ನಡುವೆ ಅದನ್ನು ಅಚ್ಚು ಮಾಡಿದರೆ ಜನ ಎಲ್ಲವನ್ನೂ ಸರ್ಕಾರದ ಖಾತೆಗೇ ಬರೆಯುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಸತಿ ಹೋಟೆಲುಗಳಿಗೆ ಸಿಗುವ ಸಿಎಲ್-7 ಸನ್ನದಿಗೆ ಅರ್ಜಿ ಹಾಕಬಾರದೇಕೆ ಎಂದು ಬೇರೊಬ್ಬರು ಸೂಚಿಸಿದ್ದರು. ನನ್ನಲ್ಲಿರುವುದು ಎಂಟು ಮೇಜು, ಬಾಡಿಗೆಗೆ ಕೊಡಲು ಒಂದು ಕೊಠಡಿಯೂ ಇಲ್ಲ. ಹೊರಗಿನ ಮದ್ಯಕ್ಕೆ ಅವಕಾಶವಿಲ್ಲ ಎಂಬ ಫಲಕವನ್ನು ನಾಳೆಯೇ ಬರೆಸುತ್ತೇನೆ.