ಕಾರವಾರದಂಥ ರಾಜ್ಯ ಬಂದರಿನಲ್ಲಿ ಐಎಸ್‌ಪಿಎಸ್ ಹೊಣೆ ಯಾರದು?

ಪ್ರಶ್ನೆ: ಬೈತಖೋಲ

ಪಣಂಬೂರಿನ ನವಮಂಗಳೂರು ಬಂದರು ಕೇಂದ್ರದ್ದು, ಗೇಟಿನಲ್ಲಿ ಕೇಂದ್ರದ ಕೈಗಾರಿಕಾ ಭದ್ರತಾ ಪಡೆ ಸಿಐಎಸ್‌ಎಫ್ ಇದೆ, ಅಲ್ಲಿ ಗೊಂದಲವಿಲ್ಲ. ಕಾರವಾರ ಕರ್ನಾಟಕ ಜಲಸಾರಿಗೆ ಮಂಡಳಿಯದು. ಇಲ್ಲಿಗೂ ಹೊರದೇಶದಿಂದ ಬಿಟುಮೆನ್, ತೈಲದ ಟ್ಯಾಂಕರ್‌ಗಳು ಬರುವುದರಿಂದ ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ಐಎಸ್‌ಪಿಎಸ್ ಸಂಹಿತೆ ಅನ್ವಯಿಸುತ್ತದೆ. ಸಂಹಿತೆಯ ಉದ್ದಕ್ಕೂ ಹೊಣೆ 'ಸರ್ಕಾರ'ದ್ದು ಎಂದಿದೆ. ಆ ಸರ್ಕಾರ ದಿಲ್ಲಿಯೋ ಬೆಂಗಳೂರೋ? ಭದ್ರತಾ ಮೌಲ್ಯಮಾಪನ, ಭದ್ರತಾ ಯೋಜನೆ ಎರಡನ್ನೂ ಹೊರಗಿನ ಸಂಸ್ಥೆಯಿಂದ ಮಾಡಿಸಿ ಕೈತೊಳೆದುಕೊಳ್ಳಬಹುದೇ? ಪಕ್ಕದಲ್ಲೇ ಮೀನುಗಾರಿಕಾ ಬಂದರಿದೆ. ನೀರಿನ ಕಡೆಯ ಕಾವಲು ಯಾರ ಲೆಕ್ಕಕ್ಕೆ?

ಉತ್ತರ 1: ಪಡುಗಡಲು

ದಿಲ್ಲಿ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ಗೆ ಬದ್ಧವಾಗಿರುವುದು ಭಾರತ ಸರ್ಕಾರ, ರಾಜ್ಯವಲ್ಲ. ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರ ಡಿಸೆಂಬರ್‌ನಲ್ಲಿ ಸೋಲಾಸ್‌ಗೆ XI-2 ಅಧ್ಯಾಯ ಸೇರಿತು, ಐಎಸ್‌ಪಿಎಸ್ ಸಂಹಿತೆಯೂ ಅದರ ಜೊತೆಗೇ ಬಂತು. 2004ರ ಜುಲೈ 1ರಿಂದ ಎರಡೂ ಜಾರಿಯಲ್ಲಿವೆ. ನಮ್ಮಲ್ಲಿ ಈ ಕೆಲಸ ನೋಡಿಕೊಂಡು ಬಂದಿರುವುದು ಮುಂಬೈಯ ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರದ ಹಡಗು ಸಾರಿಗೆ ಮಹಾನಿರ್ದೇಶನಾಲಯ. ಬಂದರು ಯಾರ ಒಡೆತನದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗು, ಅಥವಾ 500 ಗ್ರಾಸ್ ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗು ಕಟ್ಟುವ ಧಕ್ಕೆಗೆಲ್ಲ ಒಂದೇ ನಿಯಮ.

ಎರಡನೆಯ ಪ್ರಶ್ನೆಗೆ ಸಂಹಿತೆಯ ಎ ಭಾಗದ 4.3ನೇ ಕಲಮು ಓದಿ. ಮಾನ್ಯತೆ ಪಡೆದ ಭದ್ರತಾ ಸಂಸ್ಥೆಗೆ, ಅಂದರೆ ಆರ್‌ಎಸ್‌ಒಗೆ, ಸರ್ಕಾರ ಕೆಲವು ಕೆಲಸ ವಹಿಸಬಹುದು. ಆದರೆ ಆರು ಕೆಲಸಗಳನ್ನು ಬಿಟ್ಟುಕೊಡುವಂತಿಲ್ಲ: ಭದ್ರತಾ ಮಟ್ಟ (ಅಪಾಯಕ್ಕೆ ತಕ್ಕ ಎಚ್ಚರಿಕೆಯ ಹಂತ) ನಿಗದಿ ಮಾಡುವುದು, ಬಂದರಿನ ಮೌಲ್ಯಮಾಪನಕ್ಕೆ ಒಪ್ಪಿಗೆ, ಬಂದರಿನ ಯೋಜನೆಗೆ ಒಪ್ಪಿಗೆ, ಯಾವ ಬಂದರಿಗೆ ಭದ್ರತಾ ಅಧಿಕಾರಿ ಬೇಕೆಂಬ ತೀರ್ಮಾನ, ಹಡಗುಗಳ ಮೇಲಿನ ನಿಯಂತ್ರಣ ಕ್ರಮ, ಭದ್ರತಾ ಘೋಷಣೆ (ಹಡಗು ಮತ್ತು ಬಂದರಿನ ನಡುವಿನ ಲಿಖಿತ ಒಪ್ಪಂದ) ಯಾವಾಗ ಬೇಕೆಂಬ ನಿಯಮ. ಆರ್‌ಎಸ್‌ಒ ಸಮೀಕ್ಷೆ ಮಾಡಿ ಕರಡು ಬರೆದುಕೊಡಬಹುದು, ಅದನ್ನು ಓದಿ, ತೂಗಿ, ಸಹಿ ಹಾಕುವ ಹೊಣೆ ಮಾತ್ರ ಸರ್ಕಾರದ್ದೇ. ಆಮೇಲೆ ಒಂದು ತುದಿ ಬೇಲಿಯಿಲ್ಲದೆ ಬಿಟ್ಟಿದೆ ಎಂದು ಗೊತ್ತಾದರೆ 'ಸಂಸ್ಥೆಯವರು ಬರೆದದ್ದು' ಎನ್ನುವ ನೆಪ ನಡೆಯುವುದಿಲ್ಲ.

ರಾಜ್ಯದ ಪಾಲು ಏನೂ ಇಲ್ಲ ಎಂದಲ್ಲ. ಒಪ್ಪಿಗೆಯಾದ ಯೋಜನೆಯನ್ನು ಜಾರಿಗೆ ತರುವವರು, ಬೇಲಿ, ದೀಪ, ಕ್ಯಾಮೆರಾ, ಕಾವಲುಗಾರರಿಗೆ ದುಡ್ಡು ಹಾಕುವವರು ಬಂದರು ನಡೆಸುವವರೇ. ಗೇಟಿನಲ್ಲಿ ಸಿಐಎಸ್‌ಎಫ್ ನಿಲ್ಲಬೇಕೋ, ರಾಜ್ಯದ ಕೈಗಾರಿಕಾ ಭದ್ರತಾ ಪಡೆ ಕೆಎಸ್‌ಐಎಸ್‌ಎಫ್ ನಿಲ್ಲಬೇಕೋ, ಖಾಸಗಿಯವರೋ ಎಂದು ಸಂಹಿತೆ ಹೇಳುವುದಿಲ್ಲ. ಯೋಜನೆಯಲ್ಲಿ ಬರೆದದ್ದು ರಾತ್ರಿ ಎರಡು ಗಂಟೆಗೂ ನಡೆಯುತ್ತಿರಬೇಕು, ಅಷ್ಟೇ.

ಉತ್ತರ 2: ಮಲ್ಪೆ ಅಳಿವೆ

ನೀರಿನ ಕಡೆಯದೇ ಕಷ್ಟದ ಪ್ರಶ್ನೆ. ಐಎಸ್‌ಪಿಎಸ್ ನೋಡುವುದು ಹಡಗು ಮತ್ತು ಧಕ್ಕೆ ಕೂಡುವ ಜಾಗವನ್ನು. ಮೀನುಗಾರಿಕಾ ಬೋಟ್ ಅದರ ವ್ಯಾಪ್ತಿಗೇ ಬರುವುದಿಲ್ಲ. 2008ರ ನವೆಂಬರ್ 26ರಂದು ಮುಂಬೈಗೆ ಬಂದ ದಾಳಿಕೋರರು ಹಿಡಿದದ್ದು 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು; ಬಂದರಿನ ಗೇಟುಗಳೆಲ್ಲ ಆವತ್ತು ಲೆಕ್ಕಕ್ಕೇ ಬರಲಿಲ್ಲ. 2009ರಲ್ಲಿ ಕೇಂದ್ರ ಹೊಣೆ ಹಂಚಿತು: ಒಟ್ಟು ಕಡಲ ಭದ್ರತೆಗೆ ನೌಕಾಪಡೆ, ಪ್ರಾದೇಶಿಕ ಜಲದ ಕರಾವಳಿ ಭದ್ರತೆಗೆ ಕೋಸ್ಟ್ ಗಾರ್ಡ್. ದಡದ ಹತ್ತಿರ ಗಸ್ತು ತಿರುಗುವುದು ರಾಜ್ಯದ ಕರಾವಳಿ ಕಾವಲು ಪೊಲೀಸ್. ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರಗಳಲ್ಲಿ ಅವರ ಠಾಣೆಗಳಿವೆ.

ಹಾಗೆಂದು ಬಂದರಿನ ಭದ್ರತಾ ಅಧಿಕಾರಿ ಧಕ್ಕೆಯ ಅಂಚಿಗೇ ಕೆಲಸ ಮುಗಿಯಿತು ಎನ್ನುವಂತಿಲ್ಲ. ಟ್ಯಾಂಕರ್‌ನ ಸಮುದ್ರದ ಬದಿಯಿಂದ ಬೋಟ್ ಹತ್ತಿರ ಬರುವ ಅಪಾಯ ಮೌಲ್ಯಮಾಪನದಲ್ಲಿ ಇರಲೇಬೇಕು. ಕಾರವಾರದಲ್ಲಿ ಬೋಟ್‌ಗಳ ದಾರಿಯೂ ಟ್ಯಾಂಕರ್‌ನ ದಾರಿಯೂ ಪಕ್ಕಪಕ್ಕ, ಸ್ವಲ್ಪ ಆಚೆಗೆ ಕದಂಬ ನೌಕಾನೆಲೆ ಬೇರೆ. ಹಡಗಿನಿಂದ ಎಷ್ಟು ಮೀಟರ್ ಒಳಗೆ ಬೋಟ್ ಬಂದರೆ ಎಚ್ಚರಿಕೆ, ಯಾವ ವಿಎಚ್‌ಎಫ್ ರೇಡಿಯೊ ಚಾನೆಲ್, ಗಸ್ತು ದೋಣಿ ಯಾರದು, ಬರಲು ಎಷ್ಟು ನಿಮಿಷ, ಇಷ್ಟನ್ನೂ ಯೋಜನೆಯಲ್ಲಿ ಬರೆಯಬೇಕು. 'ಕೋಸ್ಟ್ ಗಾರ್ಡ್‌ಗೆ ತಿಳಿಸಲಾಗುವುದು' ಎಂಬ ಒಂದೇ ಸಾಲಿದ್ದರೆ ಅದನ್ನು ಯೋಜನೆ ಎಂದು ಒಪ್ಪಲೇಬಾರದು. ಮೀನುಗಾರರ ಸಂಘಗಳನ್ನು ಕೂರಿಸಿಕೊಂಡು ದಾರಿ ಗುರುತಿಸದಿದ್ದರೆ ಯಾವ ಗಸ್ತೂ ಸಾಲದು. ಅಪರಿಚಿತ ಬೋಟನ್ನು ಎಲ್ಲರಿಗಿಂತ ಮೊದಲು ಗುರುತು ಹಿಡಿಯುವವರು ಅವರೇ.

ಉತ್ತರ 3: ಗ್ಯಾಂಗ್‌ವೇ

ತಪಾಸಣೆಯಲ್ಲಿ ಮತ್ತೆಮತ್ತೆ ಸಿಕ್ಕಿಬೀಳುವ ಎರಡು ವಿಷಯ ಸೇರಿಸುತ್ತೇನೆ.

ಒಂದು, ಅಭ್ಯಾಸ. ಸಂಹಿತೆಯ ಬಿ ಭಾಗದ ಪ್ರಕಾರ ಕನಿಷ್ಠ ಮೂರು ತಿಂಗಳಿಗೊಮ್ಮೆ ಡ್ರಿಲ್, ವರ್ಷಕ್ಕೊಮ್ಮೆ ದೊಡ್ಡ ಎಕ್ಸರ್‌ಸೈಜ್. ಎರಡು ಎಕ್ಸರ್‌ಸೈಜ್ ನಡುವೆ 18 ತಿಂಗಳು ಮೀರಬಾರದು. ಬಹಳ ಕಡೆ ಬಾಂಬ್ ಬೆದರಿಕೆಯ ಡ್ರಿಲ್ ಒಂದನ್ನೇ ತಿರುಗಿಸಿ ತಿರುಗಿಸಿ ಮಾಡಿ ಫೈಲಿಗೆ ಹಾಕುತ್ತಾರೆ. ನೀರಿನ ಕಡೆಯಿಂದ ಒಳನುಗ್ಗುವುದು, ಸುಳ್ಳು ಗುರುತಿನ ಚೀಟಿಯ ಲಾರಿ ಚಾಲಕ, ಕರೆಂಟು ಹೋಗಿ ಕ್ಯಾಮೆರಾ ಸತ್ತ ಗಳಿಗೆ, ಇವನ್ನೂ ಪರೀಕ್ಷಿಸಬೇಕು.

ಎರಡು, ನಾವಿಕರು ದಡಕ್ಕಿಳಿದು ಹೋಗಿಬರುವುದು, ಅಂದರೆ ಶೋರ್ ಲೀವ್. ಭದ್ರತೆಯ ಹೆಸರಿನಲ್ಲಿ ಗೇಟಿನವರು ಅದನ್ನು ತಡೆಯುತ್ತಾರೆ. ಬಂದರಿನ ಯೋಜನೆಯಲ್ಲೇ ನಾವಿಕರು ಊರಿಗೆ ಹೋಗಿಬರಲು, ಅವರನ್ನು ನೋಡಲು ಕ್ಷೇಮಾಭಿವೃದ್ಧಿ ಸಂಸ್ಥೆಯವರು ಮತ್ತು ಸಂಘದವರು ಹಡಗಿಗೆ ಬರಲು ವ್ಯವಸ್ಥೆ ಇರಬೇಕೆಂದು ಎ ಭಾಗದ 16.3 ಹೇಳುತ್ತದೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದವನನ್ನು ಗೇಟಿನಿಂದ ವಾಪಸ್ ಕಳಿಸುವುದು ಅನ್ಯಾಯ. ಅದು ಯೋಜನೆಯ ಉಲ್ಲಂಘನೆಯೂ ಹೌದು.

ಬೈತಖೋಲ

ತುಂಬಾ ಉಪಕಾರವಾಯಿತು. ಇನ್ನೊಂದು: ಹಡಗು ಎರಡನೇ ಮಟ್ಟದಲ್ಲಿದ್ದು ಬಂದರು ಒಂದನೇ ಮಟ್ಟದಲ್ಲಿದ್ದರೆ? ಬಂದರು ನಿಯಮ ಪಾಲಿಸದಿದ್ದರೆ ಪೆಟ್ಟು ಯಾರಿಗೆ?

ಉತ್ತರ 4: ಪಡುಗಡಲು

ಹಡಗಿನ ಮಟ್ಟವನ್ನು ಅದರ ಧ್ವಜದ ದೇಶ ಗೊತ್ತು ಮಾಡುತ್ತದೆ, ಬಂದರಿನದನ್ನು ಬಂದರಿನ ದೇಶ. ಹಡಗು ಬಂದರಿಗಿಂತ ಮೇಲಿನ ಮಟ್ಟದಲ್ಲಿರಬಹುದು, ಕೆಳಗಿರುವಂತಿಲ್ಲ. ನೀವು ಹೇಳಿದ ಸಂದರ್ಭದಲ್ಲಿ ಹಡಗು ಮೊದಲೇ ತಿಳಿಸಿ ಭದ್ರತಾ ಘೋಷಣೆ ಕೇಳಬಹುದು. ಹಡಗು ಹತ್ತುವ ಗ್ಯಾಂಗ್‌ವೇ ಯಾರು ಕಾಯುವುದು, ಸಾಮಾನು ಯಾರು ಪರೀಕ್ಷಿಸುವುದು ಎಂದು ಇಬ್ಬರು ಅಧಿಕಾರಿಗಳೂ ಬರೆದು ಸಹಿ ಹಾಕುವ ಕಾಗದ ಅದು. ಹಡಗಿನ ಭದ್ರತಾ ಯೋಜನೆಯನ್ನು ತೋರಿಸಿ ಎಂದು ಮಾತ್ರ ಕೇಳಬೇಡಿ. ಉಲ್ಲಂಘನೆಗೆ ಸ್ಪಷ್ಟ ಆಧಾರ ಸಿಕ್ಕ ಸರ್ಕಾರಿ ತಪಾಸಣಾಧಿಕಾರಿಯೂ ಸಂಬಂಧಪಟ್ಟ ಭಾಗವನ್ನು ಮಾತ್ರ ನೋಡಬಹುದು, ಅದೂ ಧ್ವಜದ ದೇಶ ಅಥವಾ ಕ್ಯಾಪ್ಟನ್ ಒಪ್ಪಿದರೆ.

ಪೆಟ್ಟು ಹಡಗಿಗೆ. ಹಡಗು ಹಿಂದಿನ ಹತ್ತು ಬಂದರುಗಳ ದಾಖಲೆ ಇಟ್ಟುಕೊಳ್ಳಬೇಕು, ಮುಂದಿನ ಬಂದರು ಅದನ್ನು ಕೇಳುತ್ತದೆ. ನಡುವೆ ದುರ್ಬಲ ಬಂದರು ಕಂಡರೆ ಹೆಚ್ಚುವರಿ ತಪಾಸಣೆ, ವಿಳಂಬ. ಅದಕ್ಕೇ ಹಡಗಿನ ಏಜೆಂಟರು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒದ ಜಿಸಿಸ್ ಎಂಬ ದತ್ತಾಂಶದಲ್ಲಿ ಬಂದರಿನ ಹೆಸರು, ಯೋಜನೆಗೆ ಒಪ್ಪಿಗೆ ಸಿಕ್ಕ ದಿನಾಂಕ ನೋಡುವುದು. ಅದನ್ನು ತುಂಬಬೇಕಾದದ್ದೂ ಕೇಂದ್ರ ಸರ್ಕಾರವೇ. ಹಳೆಯ ದಿನಾಂಕ ಕಂಡರೆ ಬಂದರಿನವರು ಡಿಜಿ ಶಿಪ್ಪಿಂಗ್‌ಗೆ ಬರೆದು ಬೆನ್ನುಹತ್ತಬೇಕು.

ಇನ್ನು ಹೊಸ ಬದಲಾವಣೆ. 2025ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಡಿ, ವಿಮಾನ ನಿಲ್ದಾಣಗಳಿಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ (ಬಿಸಿಎಎಸ್) ಇರುವಂತೆ ಬಂದರು ಭದ್ರತಾ ಬ್ಯೂರೋ ರಚಿಸುವುದಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿತು. ಬಂದರುಗಳಿಗೆ ಆರ್‌ಎಸ್‌ಒ ಆಗಿ ಸಿಐಎಸ್‌ಎಫ್ ಗೊತ್ತಾಗಿದೆ. ಕಾರವಾರದಂಥ ಬಂದರಿಗೆ ಇದು ಒಳ್ಳೆಯದೇ. ಆದರೆ ಕಾಯುವವರೇ ಮೌಲ್ಯಮಾಪನ ಮಾಡುವ ಬಂದರುಗಳಲ್ಲಿ ಅದನ್ನು ಬೇರೆ ಕಣ್ಣು ಓದಲೇಬೇಕು. ಮೇಲೆ ಹೇಳಿದ 4.3ನೇ ಕಲಮು ಆರ್‌ಎಸ್‌ಒ ಸಿಐಎಸ್‌ಎಫ್ ಆದರೂ ಹಾಗೇ ಅನ್ವಯಿಸುತ್ತದೆ.