ಸಹಾಯ ಬೇಕು: ಹೆದ್ದಾರಿ ಬದಿ ಸೆನ್ಸರ್ ಇಡಲು ಮನೆಗಳು (ಕುಂಬಳೆ–ಉಪ್ಪಳ)

ನಮಸ್ಕಾರ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣ) ಅಳೆಯುವ ಸೆನ್ಸರನ್ನು ಒಂದು ವರ್ಷ ಇಟ್ಟುಕೊಳ್ಳುವ ಮನೆಗಳು ಬೇಕು. ವರ್ಷ ಏಕೆಂದರೆ, ಈ ಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದು ಹೆಚ್ಚುತ್ತದೆ, ಬಿಪಿ ಏರುತ್ತದೆ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40. ಈ ಅಂತರ ಬಹಳ ದೊಡ್ಡದು.

ಸೆನ್ಸರ್ ಜಗಲಿಯ ಹೊರಗೆ, ನೆಲದಿಂದ ಸುಮಾರು 2 ಮೀಟರ್ ಮೇಲೆ, ಇರಿಚಲು ಬೀಳದ ಕಡೆ ಇರಬೇಕು. ಬಚ್ಚಲೊಲೆಯ ಹೊಗೆ ಬರುವ ಬದಿ ಬೇಡ. ಅಲ್ಲಿಟ್ಟರೆ ರಸ್ತೆಯ ಲೆಕ್ಕ ಸಿಗುವುದಿಲ್ಲ. (ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವುದನ್ನು ದಯವಿಟ್ಟು ನಿಲ್ಲಿಸಿ.) ಗಾಳಿ ಎಳೆಯುವ ತೂತಿಗೆ ಜೇಡ ಬಲೆ ಕಟ್ಟುತ್ತದೆ, 15 ದಿನಕ್ಕೊಮ್ಮೆ ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಮಳೆಗಾಲದಲ್ಲಿ ಕಣ ತೇವ ಹೀರಿ ಊದಿಕೊಳ್ಳುವುದರಿಂದ ರೀಡಿಂಗ್ ಸುಳ್ಳೇ ಏರುತ್ತದೆ. ಹಾಗಾಗಿ ಜೊತೆಗಿಡಲು ತೇವಾಂಶ ಮಾಪಕ ಇದ್ದವರೂ ತಿಳಿಸಿ.

ಹೆದ್ದಾರಿಯಿಂದ 50 ಮೀಟರ್ ಒಳಗಿನ ಮೂರು ಮನೆ, ಹೋಲಿಕೆಗೆ ಬದಿಯಡ್ಕ ಕಡೆಯ ತೋಟದ ಮನೆ ಒಂದು ಸಿಕ್ಕರೆ ಸಾಕು. ವೈಫೈ, ಪ್ಲಗ್ ಪಾಯಿಂಟ್ ಇರಬೇಕು.